ಮೀನಿನ ಆಕಾಶಯಾನ



ಜೀವಂತ ಮೀನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಜೋಪಾನವಾಗಿ ಸಾಗಿಸಿದ ಮೊದಲ ಮನುಷ್ಯ ಯಾರು ಎಂದು ಯಾರಾದರೂ ಕೇಳಿದರೆ ನಾವು ತಡವರಿಸದೆ ಮನುವಿನ ಹೆಸರನ್ನು ಹೇಳಿಬಿಡಬಹುದು. ಶತಪಥ ಬ್ರಾಹ್ಮಣದಲ್ಲಿ ಚಿಕ್ಕದಾಗಿ ಬಂದು, ಮಹಾಭಾರತದ ವನಪರ್ವದಲ್ಲಿ ಬೆಳೆದು ನಿಂತ ಕಥೆ ಅದು. ಕೈ ತೊಳೆಯಲೆಂದು ತಂದ ನೀರಿನಲ್ಲಿ ಮನುವಿಗೆ ಒಂದು ಪುಟ್ಟ ಮೀನು ಸಿಕ್ಕಿತು. ತನ್ನನ್ನು ದೊಡ್ಡ ಮೀನುಗಳಿಂದ ಕಾಪಾಡಬೇಕೆಂದು ಅದು ಬೇಡಿಕೊಂಡಿತು. ಮನು ಅದನ್ನು ಕುಂಭದಲ್ಲಿರಿಸಿದ. ಕುಂಭ ಸಾಲದಾದಾಗ ಹೊಂಡಕ್ಕೆ, ಹೊಂಡ ಸಾಲದಾದಾಗ ಸಮುದ್ರಕ್ಕೆ ಒಯ್ದ. ಈ ಕಥೆಯನ್ನು ನಾನು ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಹೇಳಿದ್ದೇನೆ. ಪ್ರಳಯದ ಅರ್ಥ, ಹಡಗಿನ ಸಂಕೇತ, ಮೀನಿನ ಕೊಂಬಿನ ವಿಚಾರ ಎಲ್ಲವನ್ನೂ ವಿವರಿಸಿದ್ದೇನೆ. ಕುಂಭದ ನೀರು ಒಂದು ಮೀನಿಗೆ ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬ ಪ್ರಶ್ನೆ ಮಾತ್ರ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಅದನ್ನು ಕೇಳಿದವಳು ಎಂಟು ವರ್ಷದ ನನ್ನ ಮೊಮ್ಮಗಳು.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಅಳಿಯಂದಿರಿಗೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಕೆಲಸವಾಗಿ, ಮಗಳ ಸಂಸಾರ ಅಲ್ಲಿಗೆ ಹೊರಟು ನಿಂತಿತ್ತು. ಹುಡುಗಿಗೆ ಎರಡು ವರ್ಷಗಳಿಂದ ಸಾಕಿದ ಒಂದು ಬಂಗಾರದ ಮೀನಿತ್ತು. ಅದರ ಹೆಸರು ಚಿನ್ನು. ಪಾತ್ರೆಪಡಗ, ಪುಸ್ತಕ, ಕಂಬಳಿ ಎಲ್ಲದರ ಪಟ್ಟಿ ತಯಾರಾಗುತ್ತಿದ್ದಾಗ ಅವಳು ನನ್ನ ಕೋಣೆಗೆ ಬಂದು, "ತಾತ, ಚಿನ್ನುಗೂ ಟಿಕೆಟ್ ತಗೋಬೇಕಾ?" ಎಂದಳು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಿವೃತ್ತ ಅಧ್ಯಾಪಕರಿಗೆ ಕಡಮೆ. ವಿಚಾರಿಸಿ ಹೇಳುತ್ತೇನೆ ಎಂದೆ. ವಿಚಾರಿಸುತ್ತ ಹೋದಂತೆ ನನ್ನೆದುರು ತೆರೆದುಕೊಂಡ ಚರಿತ್ರೆಯನ್ನು ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಒಂದು ಸರಳವಾದ ಮಾತು. ಮೀನನ್ನು ಸಾಗಿಸುವುದೆಂದರೆ ನೀರನ್ನು ಸಾಗಿಸುವುದು. ಹತ್ತು ಗ್ರಾಂ ತೂಕದ ಮೀನಿಗೆ ಒಂದು ಲೀಟರ್ ನೀರು ಕೊಟ್ಟರೂ ಅದು ಒಂದು ಕಿಲೋಗ್ರಾಂ ಭಾರ. ಆ ನೀರಾದರೂ ಬರಿಯ ನೀರಲ್ಲ, ಮೀನಿನ ಪಾಲಿಗೆ ಅದೇ ವಾತಾವರಣ. ನಮ್ಮ ಊರಿನ ಬಿಸಿಲಿಗೆ ಕಾದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ಅಷ್ಟೇ ಗಾಳಿಯಲ್ಲಿ ಅದರ ಮೂವತ್ತು ಪಾಲಿಗೂ ಹೆಚ್ಚು ಇರುತ್ತದೆ. ನಾವು ಉಸಿರಾಟದಲ್ಲಿ ಶ್ರೀಮಂತರು, ಮೀನು ಕಡುಬಡವ. ಆ ಬಡವನ ಗಂಟನ್ನು ಮುಚ್ಚಳ ಹಾಕಿ ಭದ್ರಪಡಿಸಿದರೆ ಗಂಟೇ ಕರಗಿಹೋಗುತ್ತದೆ.

ಹಿಂದಿನವರು ಇದನ್ನು ಸೂತ್ರವಾಗಿ ಅರಿತಿರಲಿಲ್ಲ, ಅನುಭವದಿಂದ ಅರಿತಿದ್ದರು. ಬಂಗಾಳದಲ್ಲಿ ನದಿಗಳಿಂದ ಹಿಡಿದ ಮೀನುಮರಿಗಳನ್ನು ಮಣ್ಣಿನ ಹಂಡಿಗಳಲ್ಲಿ ತುಂಬಿ ದೂರದೂರಿನ ಕೆರೆಗಳಿಗೆ ಕೊಂಡೊಯ್ಯುವ ಜನರಿದ್ದರು. ಅವರು ದಾರಿಯುದ್ದಕ್ಕೂ ಹಂಡಿಯ ನೀರನ್ನು ಕೈಯಿಂದ ಎರಚಿ ಕಲಕುತ್ತಿದ್ದರು. ಕಲಕಿದರೆ ಗಾಳಿ ನೀರಿಗೆ ಬೆರೆಯುತ್ತದೆ. ಕೈ ನಿಂತರೆ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ರೈಲಿನ ಮೂರನೆಯ ತರಗತಿಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಹಂಡಿಯಲ್ಲಿ ಕೈಯಾಡಿಸುತ್ತ ಕೂತ ಆ ಹೆಸರಿಲ್ಲದ ಮನುಷ್ಯರನ್ನು ಯಾವ ಚರಿತ್ರೆಯ ಪುಸ್ತಕವೂ ನೆನೆಯುವುದಿಲ್ಲ. ನಮ್ಮ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸವನ್ನು ಬರೆಸಿದಾಗ ಅದರಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಸಮುದ್ರದ ಮೀನು, ಹೊಳೆಯ ಮೀನು ಎಂಬ ಭೇದ, ಯಾವ ಮೀನಿಗೆ ಯಾವ ತಿನಿಸು ಎಂಬ ವಿವರ ಅಲ್ಲಿದೆ. ಆದರೆ ರಾಜನಿಗೆ ಮೀನು ಬೇಕಾದದ್ದು ಗಾಳದ ತುದಿಯಲ್ಲಿ. ಕುಂಭದಲ್ಲಿಟ್ಟು ಕಾಪಾಡುವ ಕಷ್ಟ ಅವನದಾಗಿರಲಿಲ್ಲ.

ಹಡಗಿನ ಕಾಲಕ್ಕೆ ಬರೋಣ. ಚೀನದಲ್ಲಿ ಸೋಂಗ್ ಅರಸರ ಕಾಲದಲ್ಲಿ ಒಗ್ಗಿದ ಬಂಗಾರದ ಮೀನು ಮೊದಲು ಜಪಾನಿಗೆ, ಆಮೇಲೆ 17ನೆಯ ಶತಮಾನದಲ್ಲಿ ಯೂರೋಪಿಗೆ ಬಂತು. ತಿಂಗಳುಗಟ್ಟಲೆಯ ಯಾನದಲ್ಲಿ ಎಷ್ಟು ಸತ್ತವೋ, ಲೆಕ್ಕವಿಟ್ಟವರಿಲ್ಲ. ಲೆಕ್ಕ ಸಿಗುವ ಒಂದು ಪ್ರಸಂಗ 1869ರದು. ಚೀನದಿಂದ ಫ್ರಾನ್ಸಿಗೆ ಹಡಗಿನಲ್ಲಿ ಕಳುಹಿಸಿದ ನೂರು ಪ್ಯಾರಡೈಸ್ ಮೀನುಗಳಲ್ಲಿ ತಲುಪಿದವು ಇಪ್ಪತ್ತೆರಡು. ಪ್ಯಾರಿಸಿನ ಪಿಯರ್ ಕಾರ್ಬೊನಿಯೆ ಅವುಗಳನ್ನು ಸಾಕಿ ಮರಿಮಾಡಿಸಿದ. ಒಂದು ಸಂಗತಿಯನ್ನು ಗಮನಿಸಬೇಕು: ಈ ಮೀನು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಕುಡಿಯಬಲ್ಲದು. ಅಂಥ ಗಟ್ಟಿ ಜೀವದಲ್ಲೇ ನೂರಕ್ಕೆ ಎಪ್ಪತ್ತೆಂಟು ದಾರಿಯಲ್ಲಿ ಹೋದವು.

ಅದೇ ಕಾಲಕ್ಕೆ ಇಂಗ್ಲಿಷರಿಗೆ ಇನ್ನೊಂದು ಹುಚ್ಚು ಹಿಡಿದಿತ್ತು. ತಾವು ಹೋಗಿ ನೆಲಸಿದ ನಾಡಿನ ಹೊಳೆಗಳಲ್ಲೆಲ್ಲ ತಮ್ಮೂರಿನ ಸಾಲ್ಮನ್, ಟ್ರೌಟ್ ಮೀನುಗಳೇ ಇರಬೇಕು ಎಂಬ ಹಂಬಲ. ಆಸ್ಟ್ರೇಲಿಯದ ತೆಂಕಣ ದ್ವೀಪವಾದ ಟಾಸ್ಮೇನಿಯಕ್ಕೆ ಅವುಗಳ ತತ್ತಿಗಳನ್ನು ಒಯ್ಯುವ ಪ್ರಯತ್ನ 1852ರಲ್ಲಿ ಮೊದಲಾಯಿತು. ಉಷ್ಣವಲಯವನ್ನು ದಾಟುವಾಗ ತತ್ತಿಗಳು ಕೆಟ್ಟುಹೋದವು. ಮತ್ತೆ ಪ್ರಯತ್ನ, ಮತ್ತೆ ಸೋಲು. ಕಡೆಗೆ ಜೇಮ್ಸ್ ಯೂಲ್ ಎಂಬಾತ ತತ್ತಿಗಳನ್ನು ಒದ್ದೆ ಪಾಚಿಯ ನಡುವೆ ಹಾಸಿ, ಪೆಟ್ಟಿಗೆಗಳನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ 1864ರಲ್ಲಿ ನಾರ್ಫೋಕ್ ಎಂಬ ಹಡಗಿನಲ್ಲಿ ಕಳುಹಿಸಿದ. ತಣ್ಣಗಿದ್ದರೆ ಜೀವ ನಿಧಾನವಾಗಿ ಉಸಿರಾಡುತ್ತದೆ ಎಂಬ ಗುಟ್ಟು ಅಲ್ಲಿ ಕೈಗೆ ಸಿಕ್ಕಿತು. ಸಾಲ್ಮನ್ ಅಲ್ಲಿ ನೆಲೆಯೂರಲಿಲ್ಲ, ಟ್ರೌಟ್ ನೆಲೆಯೂರಿತು. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ಅದೇ ದಶಕದಲ್ಲಿ ನಮ್ಮ ನೀಲಗಿರಿಗೂ ಟ್ರೌಟ್ ತರಲು ಯತ್ನಿಸಿ ಸೋತ. ಈ ಡೇ ಮಹಾಶಯನ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಅವನು ಇನ್ನೊಮ್ಮೆ ಬರುತ್ತಾನೆ.

ಇನ್ನು ಆಕಾಶಮಾರ್ಗ. ವಿಮಾನದಿಂದ ಮೀನಿಗಾದ ದೊಡ್ಡ ಲಾಭ ಕಾಲದ್ದು. ವಾರಗಳು ದಿನಗಳಾದವು, ದಿನಗಳು ಗಂಟೆಗಳಾದವು. ಈ ಬದಲಾವಣೆಯ ಹೊಸ್ತಿಲಲ್ಲಿ ನಿಂತಿರುವ ಮೀನೊಂದಕ್ಕೆ ಹೆಸರೂ ಇದೆ, ಕಥೆಯೂ ಇದೆ.

1934ರಲ್ಲಿ ಅಗಸ್ಟ್ ರಬೋ ಎಂಬ ಫ್ರೆಂಚ್ ಸಂಗ್ರಾಹಕ ಅಮೆಜಾನ್ ನದಿಯ ಮೇಲಣ ಹರಿವಿನ ಕಾಡುಗಳಲ್ಲಿ ಒಂದು ಸಣ್ಣ ಮೀನನ್ನು ಕಂಡ. ಉದ್ದ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೈಯ ಮೇಲೆ ಉದ್ದಕ್ಕೆ ಎಳೆದ ನೀಲಿ ಗೆರೆ, ಅದರ ಕೆಳಗೆ ಬಾಲದ ಕಡೆಗೆ ಕೆಂಪು. ಕತ್ತಲಿನ ನೀರಿನಲ್ಲಿ ದೀಪ ಹೊತ್ತಿಸಿದಂತೆ ಮಿನುಗುವ ಈ ಮೀನಿಗೆ ನಿಯಾನ್ ಟೆಟ್ರ ಎಂದು ಹೆಸರಾಯಿತು. 1936ರಲ್ಲಿ ಜಾರ್ಜ್ ಮೈಯರ್ಸ್ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಮೀನುಸಾಕಣೆಯ ಪತ್ರಿಕೆಯನ್ನು ನಡೆಸುತ್ತಿದ್ದ ವಿಲಿಯಂ ಇನ್ನೆಸ್ ಅವರ ಹೆಸರನ್ನು ಅದಕ್ಕಿಟ್ಟ. ಅಷ್ಟು ಹೊತ್ತಿಗೆ ಮೀನುಗಳು ಯೂರೋಪನ್ನು ತಲುಪಿ, ಅಲ್ಲಿ ದೊಡ್ಡ ಸುದ್ದಿಯಾಗಿದ್ದವು. ಅಮೆರಿಕದವರಿಗೂ ಬೇಕಾದವು. ಆಗ ಅಟ್ಲಾಂಟಿಕ್ ಸಾಗರವನ್ನು ದಾಟುವ ಪ್ರಯಾಣಿಕ ವಿಮಾನಗಳು ಇರಲಿಲ್ಲ. ಇದ್ದದ್ದು ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆ. 245 ಮೀಟರ್ ಉದ್ದ, ಒಡಲ ತುಂಬ ಸುಮಾರು ಎರಡು ಲಕ್ಷ ಘನಮೀಟರ್ ಜಲಜನಕ. 1936ರ ಮೇ ತಿಂಗಳಲ್ಲಿ ಅದು ಉತ್ತರ ಅಟ್ಲಾಂಟಿಕ್ ಸಂಚಾರವನ್ನು ಆರಂಭಿಸಿತ್ತು. ಎರಡೂವರೆ ದಿನದಲ್ಲಿ ಸಾಗರವನ್ನು ದಾಟಿಸುತ್ತಿತ್ತು. ಆ ಮಹಾಕಾಯದ ಹೊಟ್ಟೆಯಲ್ಲಿ ಕೆಲವೇ ಕೆಲವು ನಿಯಾನ್ ಮೀನುಗಳನ್ನು ಇಟ್ಟು ಕಳುಹಿಸಿದರು. ತಲೆಯ ಮೇಲೆ ಅಷ್ಟು ಜಲಜನಕ. ಕೆಳಗೆ ಪಾತ್ರೆಯಲ್ಲಿ ಒಂದು ಚಿಟಿಕೆ ಆಮ್ಲಜನಕಕ್ಕಾಗಿ ಬಾಯಿಬಿಡುವ ಬೆರಳುಗಾತ್ರದ ಜೀವಗಳು. ಈ ಚಿತ್ರವನ್ನು ನಾನು ಮನಸ್ಸಿನಿಂದ ತೆಗೆಯಲಾರದೆ ಹೋಗಿದ್ದೇನೆ.

ಅಮೆರಿಕವನ್ನು ಮುಟ್ಟಿದ ಮೀನುಗಳನ್ನು ವಿಮಾನದಲ್ಲಿ ಷಿಕಾಗೊ ನಗರದ ಷೆಡ್ ಮತ್ಸ್ಯಾಲಯಕ್ಕೆ ಒಯ್ಯಲಾಯಿತು. ಕೊನೆಗೆ ಉಳಿದದ್ದು ಒಂದೇ ಒಂದು. ಅದಕ್ಕೆ 'ಲೋನ್ಲಿ ಲಿಂಡಿ' ಎಂದು ಹೆಸರಿಟ್ಟರು. ಒಂಟಿ ಲಿಂಡಿ. 1927ರಲ್ಲಿ ಅಟ್ಲಾಂಟಿಕ್ಕನ್ನು ಏಕಾಂಗಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗನನ್ನು ಜನ ಪ್ರೀತಿಯಿಂದ ಲಿಂಡಿ ಎನ್ನುತ್ತಿದ್ದರು. ಆ ಹೆಸರು ಮೀನಿಗೆ ಬಂತು. ಹೆಸರಿಟ್ಟವರ ವಿನೋದ ನನಗೆ ಅರ್ಥವಾಗುತ್ತದೆ. ಆದರೆ ಲಿಂಡ್‌ಬರ್ಗ್ ತಾನಾಗಿ ಹೊರಟವನು, ತಲುಪಿದ ಮೇಲೆ ತನ್ನ ಜನರ ನಡುವೆ ಹಿಂದಿರುಗಿದವನು. ಈ ಮೀನಾದರೋ ಹುಟ್ಟಿನಿಂದ ಗುಂಪಿನಲ್ಲಿ ಬದುಕುವ ಜಾತಿಯದು. ಗುಂಪಿಲ್ಲದೆ ಉಳಿದ ಅದನ್ನು ನೋಡಲು ಜನ ಬಂದರು.

ಮರುವರ್ಷ, 1937ರ ಮೇ 6ರಂದು, ಹಿಂಡೆನ್‌ಬರ್ಗ್ ಅಮೆರಿಕದ ಲೇಕ್‌ಹರ್ಸ್ಟಿನಲ್ಲಿ ಇಳಿಯುತ್ತಿದ್ದಾಗ ಬೆಂಕಿ ಹೊತ್ತಿ ನಿಮಿಷದೊಳಗೆ ಉರಿದುಹೋಯಿತು. ಮೂವತ್ತಾರು ಜನ ಸತ್ತರು. ವಾಯುನೌಕೆಗಳ ಯುಗ ಅಲ್ಲಿಗೆ ಮುಗಿಯಿತು.

ಮುಂದೆ ಯುದ್ಧ ಬಂತು, ಹೋಯಿತು. ಮೀನಿನ ಭಾಗ್ಯವನ್ನು ಬದಲಾಯಿಸಿದ್ದು ವಿಮಾನ ಎಂದು ನಾನು ಮೊದಲು ತಿಳಿದಿದ್ದೆ. ಅದು ಅರ್ಧಸತ್ಯ. ಇನ್ನರ್ಧ ನಾವು ತರಕಾರಿ ತಂದು ಎಸೆಯುವ ಪಾಲಿಥೀನ್ ಚೀಲದ್ದು. ಅಲ್ಲಿಯವರೆಗೆ ಮೀನನ್ನು ಬಾಯಿ ತೆರೆದ ಲೋಹದ ಡಬ್ಬಿಗಳಲ್ಲಿ ಒಯ್ಯಬೇಕಿತ್ತು. ಡಬ್ಬಿಯ ಭಾರವೇ ಮೀನಿಗಿಂತ ನೂರು ಪಾಲು. 1950ರ ದಶಕದಲ್ಲಿ ಚೀಲ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಚೀಲದಲ್ಲಿ ಮೂರನೆಯ ಒಂದು ಪಾಲು ನೀರು. ಉಳಿದ ಎರಡು ಪಾಲು ಶುದ್ಧ ಆಮ್ಲಜನಕ. ಬಾಯಿಯನ್ನು ರಬ್ಬರಿನಿಂದ ಬಿಗಿದು, ಮೇಲೊಂದು ಚೀಲ ಹಾಕಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಮಲಗಿಸಿದರೆ ಮೀನು ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಬದುಕುತ್ತದೆ. ಹೊರಡುವ ಮುನ್ನ ಒಂದೆರಡು ದಿನ ಉಪವಾಸ ಕೆಡವುತ್ತಾರೆ, ನೀರು ಹೊಲಸಾಗದಿರಲೆಂದು. ಚೀಲವನ್ನು ಬಿರಿಯುವಂತೆ ಉಬ್ಬಿಸುವುದಿಲ್ಲ. ಏಕೆಂದರೆ ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಆರೆಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇಳಿಯುತ್ತದೆ, ಆಗ ಚೀಲ ತಾನಾಗಿ ಉಬ್ಬುತ್ತದೆ. ದೊಡ್ಡಬೆಟ್ಟದ ತುದಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಉಬ್ಬಿದ್ದನ್ನು ಕಂಡವರಿಗೆ ಇದು ಹೊಸತಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮೂರಿನ ಮೀನಂಗಡಿಯ ಯಜಮಾನರು ಇದನ್ನು ನನಗೆ ತಿಳಿಸಿಕೊಟ್ಟರು. ಅವರಿಗೆ ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇಲ್ಲ. ಮೀನು ಉಸಿರಾಡಿದಂತೆ ಚೀಲದ ನೀರಿನಲ್ಲಿ ಇಂಗಾಲಾಮ್ಲ ಸೇರುತ್ತದೆ, ನೀರು ಹುಳಿಯಾಗುತ್ತದೆ. ಕಿವಿರುಗಳಿಂದ ಹೊರಬೀಳುವ ಅಮೋನಿಯವೂ ಸೇರುತ್ತದೆ. ಅದು ವಿಷ, ಆದರೆ ಹುಳಿಯಾದ ನೀರಿನಲ್ಲಿ ಅದರ ವಿಷ ಬಹುಮಟ್ಟಿಗೆ ಕಟ್ಟುಬಿದ್ದಿರುತ್ತದೆ. ತಲುಪಿದ ಸಂಭ್ರಮದಲ್ಲಿ ಚೀಲವನ್ನು ಬಿಚ್ಚಿ, ಆ ನೀರಲ್ಲೇ ಮೀನನ್ನು ಬಹಳ ಹೊತ್ತು ಬಿಟ್ಟರೆ ಇಂಗಾಲಾಮ್ಲ ಹಾರಿಹೋಗುತ್ತದೆ, ಹುಳಿ ಇಳಿಯುತ್ತದೆ, ಕಟ್ಟುಬಿದ್ದ ವಿಷ ಬಿಡುಗಡೆಯಾಗುತ್ತದೆ. ಸಾವಿರಾರು ಮೈಲಿ ಹಾರಿ ಬದುಕಿದ ಮೀನು ಹೊಸ ಮನೆಯ ಬಾಗಿಲಲ್ಲಿ ಸಾಯುತ್ತದೆ. ಆದ್ದರಿಂದ ಬಲ್ಲವರು ಕಟ್ಟಿದ ಚೀಲವನ್ನೇ ಹೊಸ ತೊಟ್ಟಿಯಲ್ಲಿ ತೇಲಿಬಿಟ್ಟು, ಎರಡೂ ಕಡೆಯ ನೀರಿನ ಶಾಖ ಸಮವಾದ ಮೇಲೆ ಮೀನನ್ನು ತಡಮಾಡದೆ ಒಳಗೆ ಬಿಟ್ಟು, ಹಳೆಯ ನೀರನ್ನು ಚೆಲ್ಲಿಬಿಡುತ್ತಾರೆ. ಇದನ್ನು ಕೇಳುವಾಗ ನನ್ನ ಮಗಳು ಪಕ್ಕದಲ್ಲಿ ನಿಂತಿದ್ದಳು. ಅವಳು ಏನೂ ಮಾತನಾಡಲಿಲ್ಲ.

ಇಷ್ಟು ಸುಲಭವಾದ ಮೇಲೆ ಮೀನಿನ ವ್ಯಾಪಾರ ಜಗತ್ತನ್ನು ಸುತ್ತಿತು. ನಮ್ಮ ನಾಡಿನ ಮೀನೂ ಹಾರಿತು. ಫ್ರಾನ್ಸಿಸ್ ಡೇ ಇನ್ನೊಮ್ಮೆ ಬರುತ್ತಾನೆಂದು ಹೇಳಿದೆನಷ್ಟೆ. 1865ರಲ್ಲಿ ಅವನು ತಿರುವಾಂಕೂರಿನ ಬೆಟ್ಟಗಳ ಒಂದು ಮೀನನ್ನು ವರ್ಣಿಸಿದ. ಬೆಳ್ಳಿಯ ಮೈ, ಕಪ್ಪು ಪಟ್ಟೆ, ಅದರ ಮೇಲೆ ಮೂತಿಯಿಂದ ಹೊರಟ ಕುಂಕುಮದ ಗೆರೆ. ಆಗ ಮದರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ ಅವರ ಗೌರವಾರ್ಥ ಅದಕ್ಕೆ ಡೆನಿಸೋನಿಯೈ ಎಂದು ಹೆಸರಿಟ್ಟ. ಚರಿತ್ರೆ ಎಂಥ ಗಂಟುಗಳನ್ನು ಹಾಕುತ್ತದೆ ನೋಡಿ: ಈ ಡೆನಿಸನ್ ಅದಕ್ಕೆ ಮುಂಚೆ ಟಾಸ್ಮೇನಿಯವನ್ನು ಆಳುತ್ತಿದ್ದವರು, 1852ರಲ್ಲಿ ಸಾಲ್ಮನ್ ತತ್ತಿಗಳು ಹಡಗಿನಲ್ಲಿ ಕೆಟ್ಟುಹೋದದ್ದು ಅವರ ಆಡಳಿತದ ಕಾಲದಲ್ಲೇ.

ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲದೆ ಭೂಮಿಯ ಮೇಲೆ ಇನ್ನೆಲ್ಲಿಯೂ ಹುಟ್ಟದ ಈ ಮೀನು ಒಂದು ಶತಮಾನಕ್ಕೂ ಮೀರಿ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿತ್ತು. 1997ರಲ್ಲಿ ಸಿಂಗಪುರದ ಅಲಂಕಾರ ಮೀನುಗಳ ಪ್ರದರ್ಶನದಲ್ಲಿ ಹೊಸ ಜಾತಿಗಳ ವಿಭಾಗದ ಮೂರನೆಯ ಬಹುಮಾನ ಬಂತು. ಆಮೇಲೆ ಚೀಲಗಳು, ಆಮ್ಲಜನಕ, ಥರ್ಮೊಕೋಲ್ ಪೆಟ್ಟಿಗೆಗಳು ಹೊಳೆದಂಡೆಗೇ ಬಂದವು. 'ಮಿಸ್ ಕೇರಳ' ಎಂಬ ಹೆಸರಿನಲ್ಲಿ ನಮ್ಮ ಮೀನು ವಿಮಾನ ಹತ್ತಿತು. ಹಿಡಿದದ್ದು ಎಷ್ಟೆಂದರೆ ಹೊಳೆಗಳು ಬರಿದಾಗತೊಡಗಿ, 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧಗಳನ್ನು ಹಾಕಬೇಕಾಯಿತು. ಇಂದು ಅದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ತೊಟ್ಟಿಗಳಲ್ಲಿ ಮರಿಮಾಡಿಸುವ ವಿದ್ಯೆ ಈಗ ಸಿದ್ಧಿಸಿದೆ ಎನ್ನುವುದೊಂದು ಸಮಾಧಾನ. ಜೀವ ಉಳಿಸಲು ಕಂಡುಹಿಡಿದ ಚೀಲ ಹೊಳೆಯನ್ನು ಬರಿದುಮಾಡಿತು ಎಂದು ನನಗೆ ಸಿಟ್ಟು ಬರುತ್ತದೆ. ಆದರೆ ಸಿಟ್ಟು ಚೀಲದ ಮೇಲಲ್ಲ.

ಇದರ ಇನ್ನೊಂದು ಮುಖವೂ ಇದೆ. ಬರಿದಾಗುವ ಹೊಳೆ ಒಂದು ಕಡೆಯಾದರೆ ಬೇಡದ ಮೀನು ತುಂಬಿಕೊಳ್ಳುವ ಹೊಳೆ ಇನ್ನೊಂದು ಕಡೆ. ಟ್ರೌಟ್ ತತ್ತಿಗಾಗಿ ಮಂಜುಗಡ್ಡೆ ಹೊತ್ತು ಕಾದಿದ್ದ ಆಸ್ಟ್ರೇಲಿಯದಲ್ಲಿ ಹೊರಗಿನಿಂದ ಬಂದ ಕಾರ್ಪ್ ಮೀನು 1970ರ ದಶಕದ ಪ್ರವಾಹಗಳ ಮೇಲೇರಿ ಮರ್ರೆ ಮತ್ತು ಡಾರ್ಲಿಂಗ್ ನದಿಗಳಲ್ಲಿ ಹರಡಿಬಿಟ್ಟಿತು. ಅಲ್ಲಿ ಅನೇಕ ಕಡೆ ಇಂದು ಮೀನಿನ ತೂಕದಲ್ಲಿ ಹೆಚ್ಚಿನ ಪಾಲು ಕಾರ್ಪಿನದೇ. ಬಂಗಾರದ ಮೀನು ಅದೇ ಕಾರ್ಪಿನ ವಂಶದ್ದು. ನೆಲೆ ಬಿಟ್ಟು ಬಂದ ಮೀನಿನೊಡನೆ ಅದರ ರೋಗಗಳೂ ಬರುತ್ತವೆಂದು ಆ ದೇಶ ಕಷ್ಟದಿಂದ ಕಲಿತಿದೆ. ಆದ್ದರಿಂದ ಅಲ್ಲಿನ ಕಾನೂನು ಬಿಗಿಯಾದುದು. ಯಾವ ಜಾತಿ ಬರಬಹುದು ಎಂಬುದಕ್ಕೆ ಪಟ್ಟಿಯಿದೆ. ಮೊದಲೇ ಪರವಾನಗಿ ಬೇಕು. ಬಂದಿಳಿದ ಮೀನು ಸರ್ಕಾರ ಒಪ್ಪಿದ ತಾಣದಲ್ಲಿ ಪ್ರತ್ಯೇಕವಾಗಿ ದಿನಗಟ್ಟಲೆ ಕಾಯಬೇಕು. ಬಂಗಾರದ ಮೀನು ಪಟ್ಟಿಯಲ್ಲಿದೆ. ಆದರೆ ಇವೆಲ್ಲ ಪೆಟ್ಟಿಗೆಗಟ್ಟಲೆ ತರಿಸುವ ವ್ಯಾಪಾರಿಗಳಿಗೆ ಸಾಧ್ಯವಾಗುವ ಏರ್ಪಾಡು. ಎಂಟು ವರ್ಷದ ಹುಡುಗಿಯ ಕೈಚೀಲದಲ್ಲಿ ಹೋಗುವ ಒಂದು ಮೀನಿಗೆ ಅಲ್ಲಿ ದಾರಿಯಿಲ್ಲ.

ಇದನ್ನು ತಿಳಿಯುವ ಮುಂಚೆಯೇ ನಾನು ಒಬ್ಬ ದಳ್ಳಾಳಿಯ ಮಾತಿಗೆ ಮರುಳಾಗಿದ್ದೆ. ಊರು, ಹೆಸರು ಬೇಡ. ಎಲ್ಲ ಕಾಗದಪತ್ರಗಳನ್ನೂ ತಾನೇ ಮಾಡಿಸುವುದಾಗಿ ಹೇಳಿ ಮುಂಗಡ ಪಡೆದ ಆತ, ಒಂದು ಥರ್ಮೊಕೋಲ್ ಪೆಟ್ಟಿಗೆಯನ್ನು ಮನೆಗೆ ತಂದಿಟ್ಟು ಹೋದ. ಪರವಾನಗಿಯ ಪ್ರತಿಯನ್ನು ತೋರಿಸಿ ಎಂದ ದಿನದಿಂದ ಅವನ ದರ್ಶನವಿಲ್ಲ. ಹಣ ಹೋದದ್ದಕ್ಕಿಂತ, ಆ ಪೆಟ್ಟಿಗೆಯನ್ನು ನೋಡಿದ ಹುಡುಗಿ ಅದರ ಮುಚ್ಚಳದ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಚಿನ್ನುವಿನ ಹೆಸರು ಬರೆದುಬಿಟ್ಟಿದ್ದು ನನ್ನ ಪೇಚಾಟಕ್ಕೆ ಕಾರಣವಾಯಿತು.

ಹೊರಡುವ ಹಿಂದಿನ ವಾರ ಅವಳನ್ನು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. ಬಂಗಾಳದ ಹಂಡಿಯಿಂದ ಹಿಡಿದು ಲಿಂಡಿಯವರೆಗೆ. ಅತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ: "ಲಿಂಡಿಗೆ ಆಮೇಲೆ ಜೊತೆ ಸಿಕ್ತಾ ತಾತ?" ನನ್ನಲ್ಲಿ ಉತ್ತರವಿರಲಿಲ್ಲ. ಅದರ ಬದಲು ಅದೇ ಮತ್ಸ್ಯಾಲಯದ ಇನ್ನೊಂದು ಮೀನಿನ ವಿಷಯ ಹೇಳಿದೆ. ಅದು ಆಸ್ಟ್ರೇಲಿಯದ ಶ್ವಾಸಕೋಶವುಳ್ಳ ಮೀನು. 1933ರಲ್ಲಿ ಸಿಡ್ನಿಯಿಂದ ಹಡಗಿನಲ್ಲಿ ಹೊರಟು, ಕೊನೆಗೆ ರೈಲಿನಲ್ಲಿ ಷಿಕಾಗೊ ತಲುಪಿತು. ಅಲ್ಲಿನ ಜನ ಅದನ್ನು 'ಗ್ರ್ಯಾಂಡ್‌ಡ್ಯಾಡ್' ಎಂದು ಕರೆದರು, ಎಂದರೆ ತಾತ. 2017ರವರೆಗೆ, ಎಂಬತ್ತಕ್ಕೂ ಹೆಚ್ಚು ವರ್ಷ, ಅದು ಅಲ್ಲಿ ಬದುಕಿತು. ಮೀನಿಗೆ ತಾತ ಎಂದು ಹೆಸರೇ ಎಂದು ಅವಳು ನಕ್ಕಳು. ನಕ್ಕ ಮೇಲೆ, ಚಿನ್ನುವಿಗೆ ಒಂದು ಜೊತೆ ತಂದಿಡಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಜೊತೆ ಬಂದಿದೆ. ಎರಡೂ ನನ್ನ ಓದುವ ಮೇಜಿನ ಪಕ್ಕದ ಗಾಜಿನ ತೊಟ್ಟಿಯಲ್ಲಿವೆ. ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ಶನಿವಾರ ರಾತ್ರಿಯೇ ಎರಡು ಬಕೆಟ್ ಹಿಡಿದಿಟ್ಟು, ಭಾನುವಾರ ಬೆಳಗ್ಗೆ ತೊಟ್ಟಿಯ ಕಾಲುಭಾಗ ನೀರನ್ನು ಬದಲಿಸುತ್ತೇನೆ. ಮರೆತಿಲ್ಲವಷ್ಟೆ ಎಂದು ಮೆಲ್ಬರ್ನಿನಿಂದ ವಿಚಾರಣೆ ಬರುತ್ತದೆ. ಥರ್ಮೊಕೋಲ್ ಪೆಟ್ಟಿಗೆಯನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ನನ್ನ ಮನೆಯವರು ಅದರಲ್ಲಿ ಮಣ್ಣು ತುಂಬಿ ಮೆಂತ್ಯ ಬಿತ್ತಿದ್ದಾರೆ. ಈಗ ಎರಡನೆಯ ಕೊಯ್ಲು.